ಗಿರಿಯ ದಾರಿಯಲ್ಲಿ ಆಲ್ಪ್ ದ್ಯುಯೇಜ್‌ಗೆ ಸಿದ್ಧತೆ

ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆ 1952ರಲ್ಲಿ ಮೊದಲ ಬಾರಿಗೆ ಫ್ರಾನ್ಸಿನ ಆಲ್ಪ್ಸ್ ಪರ್ವತಗಳಲ್ಲಿರುವ ಆಲ್ಪ್ ದ್ಯುಯೇಜ್ ಏರಿದಾಗ ಗೆದ್ದವರು ಇಟಲಿಯ ಫೌಸ್ಟೊ ಕೊಪ್ಪಿ. ಬೂರ್ಗ್ ದ್ವಾಸಾಂ ಪಟ್ಟಣದ ಅಂಚಿನಿಂದ ಹೊರಡುವ ಈ ರಸ್ತೆ 13.8 ಕಿಲೋಮೀಟರ್‌ಗಳಲ್ಲಿ ಸುಮಾರು 1,100 ಮೀಟರ್ ಮೇಲೇರುತ್ತದೆ. ಚಿಕ್ಕಮಗಳೂರಿನ ಸೈಕಲ್ ಸವಾರರಿಗೆ ಆ ಎತ್ತರ ಹೊಸದಲ್ಲ; ಸ್ಪರ್ಧೆ ಮುಗಿಯುವ ಜಾಗ ಸುಮಾರು 1,850 ಮೀಟರ್‌ನಲ್ಲಿದ್ದರೆ ನಮ್ಮ ಮುಳ್ಳಯ್ಯನಗಿರಿಯ ಎತ್ತರವೇ 1,930 ಮೀಟರ್. ಹೊಸದಾಗಿ ಕಲಿಯಬೇಕಾದದ್ದು ಬಿಡುವಿಲ್ಲದ ಏರಿನಲ್ಲಿ ಶಕ್ತಿಯನ್ನು ಕಾದಿಟ್ಟುಕೊಳ್ಳುವುದನ್ನು.

ಇಡೀ ದಾರಿಯ ಸರಾಸರಿ ಏರು ಶೇ. 8ಕ್ಕೆ ತುಸು ಹೆಚ್ಚಾದರೂ ಮೊದಲ ಎರಡು ಕಿಲೋಮೀಟರ್ ಶೇ. 10ರ ಆಸುಪಾಸಿನಲ್ಲಿದೆ. ಸಮತಟ್ಟಾದ ರಸ್ತೆಯಲ್ಲಿ ಬಂದ ವೇಗದ ಹುಮ್ಮಸ್ಸಿನಲ್ಲೇ ಅದನ್ನು ತುಳಿದವರು ಉಳಿದ ದಾರಿಯುದ್ದಕ್ಕೂ ಬಳಲುತ್ತಾರೆ. ಆದ್ದರಿಂದ, ಯಾರು ಹಿಂದೆ ಹಾಕಿದರೂ ಸರಿ, ಪಕ್ಕದವರೊಡನೆ ಒಂದು ಪೂರ್ತಿ ವಾಕ್ಯ ಆಡುವಷ್ಟು ಉಸಿರು ಉಳಿಯುವ ವೇಗದಲ್ಲಿಯೇ ಹೊರಡಬೇಕು. 21 ಹೇರ್‌ಪಿನ್ ತಿರುವುಗಳಿಗೂ ಇಳಿಕೆಯ ಕ್ರಮದಲ್ಲಿ ಸಂಖ್ಯೆಯ ಫಲಕಗಳಿವೆ. ತಿರುವಿನಲ್ಲಿ ರಸ್ತೆಯ ಏರು ಕ್ಷಣಕಾಲ ತಗ್ಗುತ್ತದೆ. ನೀರು ಕುಡಿಯಲು ಅದೇ ಸರಿಯಾದ ಜಾಗ.

ಗೇರಿನ ವಿಷಯದಲ್ಲಿ ಪ್ರತಿಷ್ಠೆ ಬೇಡ. ಪೆಡಲಿನ ಬಳಿಯ ಮುಂದಿನ ಹಲ್ಲುಗಾಲಿಯಲ್ಲಿ 34 ಹಲ್ಲು, ಹಿಂದಿನದರಲ್ಲೂ 34 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಚಕ್ರ ಒಂದೇ ಸುತ್ತು ತಿರುಗಿ ಸುಮಾರು 2.1 ಮೀಟರ್ ಸಾಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಏಳೂವರೆ ಕಿಲೋಮೀಟರ್ ವೇಗ, ಎಂದರೆ ಮೇಲೆ ತಲುಪಲು ಒಂದು ಗಂಟೆ 50 ನಿಮಿಷ. ಮೊದಲ ಪ್ರಯತ್ನಕ್ಕೆ ಅದು ಗೌರವದ ಸಮಯವೆಂದೇ ನನ್ನ ಭಾವನೆ.

ಅಭ್ಯಾಸಕ್ಕೆ ಕೈಮರದಿಂದ ಮುಳ್ಳಯ್ಯನಗಿರಿಯ ದಾರಿ ಹಿಡಿಯಿರಿ. ವಾರಾಂತ್ಯದ ವಾಹನ ದಟ್ಟಣೆ ಬೇಡ. ವಾರದ ದಿನ, ಬೆಳಕು ಹರಿಯುತ್ತಿದ್ದಂತೆ ಹೊರಡುವುದು ಒಳ್ಳೆಯದು. ಪೇಟೆಯಿಂದ ಒಮ್ಮೆ ಗಿರಿ ಹತ್ತಿದರೆ 1,100 ಮೀಟರ್ ಏರು ಸಿಗುವುದಿಲ್ಲವಾದ್ದರಿಂದ, ಕೆಲವು ವಾರಗಳ ನಂತರ ಅದೇ ದಾರಿಯಲ್ಲಿರುವ ಸೀತಾಳಯ್ಯನಗಿರಿಯಿಂದ ಅರ್ಧ ದಾರಿ ಇಳಿದು ಮತ್ತೆ ಹತ್ತಬೇಕು. ಮುಕ್ಕಾಲು ಗಂಟೆ ಕಳೆಯುವ ಮೊದಲೇ ಬಾಳೆಹಣ್ಣನ್ನೋ ಕಡಲೆಮಿಠಾಯಿಯನ್ನೋ ತಿನ್ನಿ. ಹಸಿವಾದ ಮೇಲೆ ತಿಂದರೆ ತಡವಾಗಿರುತ್ತದೆ.

ಇಳಿಯುವ ಅಭ್ಯಾಸವೂ ಇಲ್ಲಿಯೇ ಆಗಬೇಕು. ಬೆವರಿದ ಮೈಗೆ ಗಾಳಿ ತಾಗುವ ಮೊದಲು ತೆಳು ಜಾಕೆಟ್ ತೊಡಿ. ಬ್ರೇಕನ್ನು ಒಂದೇ ಸಮನೆ ಒತ್ತಿಹಿಡಿದರೆ ಅದು ಬಿಸಿಯಾಗುತ್ತದೆ. ತಿರುವಿಗೆ ಮುನ್ನ, ಸೈಕಲ್ ನೇರವಾಗಿರುವಾಗಲೇ ಎರಡೂ ಬ್ರೇಕ್ ಒತ್ತಿ ವೇಗ ತಗ್ಗಿಸಿ, ನಂತರ ಬಿಡಿ. ಮಂಜು ಕವಿದು ರಸ್ತೆ ಒದ್ದೆಯಾಗಿದ್ದರೆ ಇನ್ನೂ ಬೇಗನೆ ಬ್ರೇಕ್ ಹಾಕಬೇಕು.