ಆರಿದ್ರಾ ಮಳೆಯಲ್ಲಿ ಆರ್ಕಿಟೆಕ್ಟ್ ಹುಡುಕಿದ್ದು

ನಮ್ಮ ಮನೆ ಇರುವುದು ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆಯ ಗಜನಿಗೆ, ಅಂದರೆ ಉಪ್ಪುನೀರು ಏರುವ ಗದ್ದೆಗೆ, ತಾಗಿದ ಕೇರಿಯಲ್ಲಿ. ಅಜ್ಜ ಕಟ್ಟಿಸಿದ್ದು. ಚಿರೆಕಲ್ಲಿನ ಗೋಡೆ, ಸಂದಿಗೆ ಮಣ್ಣು, ಮೇಲೆ ಮಂಗಳೂರು ಹಂಚು. ಪಡುವಣ ಗೋಡೆಗೆ ಪ್ರತಿವರ್ಷ ಮಳೆಗೆ ಮುಂಚೆ ತೆಂಗಿನ ಮಡಲ ತಟ್ಟಿ ಕಟ್ಟಬೇಕು. ಕಟ್ಟುವ ಆಳು ಸಿಗದಾದ ಮೇಲೆ ಆ ಗೋಡೆ ನೆನೆದೂ ನೆನೆದೂ ಉಬ್ಬಿತು. ಹಂಚು ಹೊರುವ ಮರದ ಪಕಾಸಿಗೆ ಒರಲೆ ಹಿಡಿಯಿತು. ಮಂಗಗಳು ಹಂಚು ಜರುಗಿಸಿದ ಕಡೆಯಲ್ಲೆಲ್ಲ ಆಯಿ (ನನ್ನ ಅಮ್ಮ) ಪಾತ್ರೆ ಇಡುತ್ತಿದ್ದಳು. ನಾನು ಹುಬ್ಬಳ್ಳಿಯ ಬ್ಯಾಂಕ್ ನೌಕರಿಯಿಂದ ನಿವೃತ್ತಳಾಗಿ ಅವಳ ಜೊತೆಗಿರಲು ಬಂದ ವರ್ಷವೇ ಮನೆ ರಿಪೇರಿ ಮಾಡಿಸುವುದೆಂದು ನಿಶ್ಚಯವಾಯಿತು. ಪುಣೆಯಲ್ಲಿರುವ ಅಣ್ಣನೂ ನಾನೂ ಸೇರಿ 24 ಲಕ್ಷ ರೂಪಾಯಿ ತೆಗೆದಿಟ್ಟೆವು.

ಮೊದಲು ಮಾಡಿದ ತಪ್ಪನ್ನೇ ಮೊದಲು ಹೇಳುತ್ತೇನೆ. ಪರಿಚಯದವರೊಬ್ಬರ ಮಾತಿನ ಮೇಲೆ ಒಬ್ಬರಿಗೆ ಫೋನ್ ಮಾಡಿದೆ. ಜಾಗದ ಅಳತೆ, ನಾಲ್ಕು ಫೋಟೊ ವಾಟ್ಸಾಪ್‌ನಲ್ಲಿ ಕಳಿಸಿ ಅಂದರು. 25,000 ರೂಪಾಯಿ ಮುಂಗಡ ಹಾಕಿದೆ. ಕರಾರು ಇಲ್ಲ, ರಸೀದಿ ಇಲ್ಲ. ವಾರದಲ್ಲಿ ತ್ರೀಡಿ ಚಿತ್ರ ಬಂತು. ಹಂಚಿನ ಮಾಡು ಹೋಗಿ ಚಪ್ಪಟೆ ಸ್ಲ್ಯಾಬ್, ಪಡುವಣಕ್ಕೆ ಮುಖ ಮಾಡಿದ ದೊಡ್ಡ ಗಾಜು, ಗಜನಿಯ ಕಡೆಗೆ ಚಾಚಿದ ಹೊಸ ಕೋಣೆ. ಚಿತ್ರ ಚೆಂದವಾಗಿಯೇ ಇತ್ತು. ಆದರೆ ಅವರು ಮನೆಗೆ ಒಮ್ಮೆಯೂ ಬರಲಿಲ್ಲ. ಮೂರು ತಿಂಗಳು ಬೆನ್ನು ಹತ್ತಿ ಕೊನೆಗೆ ಆ ಹಣದ ಆಸೆ ಬಿಟ್ಟೆ.

ಅವರು ತಮ್ಮನ್ನು ಆರ್ಕಿಟೆಕ್ಟ್ ಎಂದು ಹೇಳಿಕೊಂಡಿದ್ದರು. 1972ರ ವಾಸ್ತುಶಿಲ್ಪಿಗಳ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆದವರು ಮಾತ್ರ ಆ ಹೆಸರು ಹಾಕಿಕೊಳ್ಳಬಹುದು ಎನ್ನುವುದು ನನಗೆ ಗೊತ್ತಾದದ್ದು ಆಮೇಲೆ. ಐದು ವರ್ಷದ ಪದವಿ ಮುಗಿಸಿ ನೋಂದಾಯಿಸಿಕೊಂಡವರಿಗೆ ‘ಸಿಎ’ ಎಂದು ಶುರುವಾಗುವ, ನಡುವೆ ವರ್ಷ ಇರುವ ಒಂದು ಸಂಖ್ಯೆ ಇರುತ್ತದೆ. ಅದನ್ನು ಕೇಳಿ ಪಡೆದು ಕೌನ್ಸಿಲ್‌ನ ಜಾಲತಾಣದಲ್ಲಿ ಹೆಸರಿನ ಜೊತೆ ತಾಳೆ ನೋಡಬಹುದು. ಇದರರ್ಥ ಸಿವಿಲ್ ಎಂಜಿನಿಯರ್ ಮನೆ ನಕ್ಷೆ ಬರೆಯಬಾರದು ಎಂದಲ್ಲ. ನಿರ್ಬಂಧ ಇರುವುದು ಹೆಸರಿಗೆ, ನಕ್ಷೆ ಬರೆಯುವ ಕೆಲಸಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ನಮ್ಮ ಕಡೆಯ ಎಷ್ಟೋ ಒಳ್ಳೆಯ ಮನೆಗಳು ಎಂಜಿನಿಯರ್ ಮತ್ತು ಅನುಭವಿ ಮೇಸ್ತ್ರಿಯ ಕೈಯಲ್ಲೇ ಆಗಿವೆ. ಆದರೆ ಆರ್ಕಿಟೆಕ್ಟ್ ಎಂದು ಹಣ ಕೇಳುವವರ ಹತ್ತಿರ ಆ ಸಂಖ್ಯೆ ಇರಲೇಬೇಕು.

ಎರಡನೇ ಸಲ ಅವಸರ ಮಾಡಲಿಲ್ಲ. ಕುಮಟಾ, ಹೊನ್ನಾವರ, ಅಂಕೋಲಾ ಕಡೆ ವಿಚಾರಿಸಿ ಮೂವರ ಹೆಸರು ಬರೆದುಕೊಂಡೆ. ಮೂವರಿಗೂ ಒಂದೇ ಮಾತು ಹೇಳಿದೆ: ನಿಮ್ಮ ಕಡತದ ಚಿತ್ರ ಬೇಡ, ನೀವು ಮಾಡಿ ಕಡಿಮೆ ಎಂದರೆ ಮೂರು ಮಳೆಗಾಲ ಕಳೆದ ಒಂದು ಮನೆ ತೋರಿಸಿ, ಮನೆಯವರ ಜೊತೆ ನಾನೊಬ್ಬಳೇ ಮಾತಾಡುತ್ತೇನೆ. ನೋಡಲು ಹೋದದ್ದು ಆರಿದ್ರಾ ಮಳೆ ಹೊಡೆಯುತ್ತಿರುವಾಗ. ಜನವರಿಯ ಬಿಸಿಲಲ್ಲಿ ನಮ್ಮ ಕರಾವಳಿಯ ಎಲ್ಲ ಮನೆಯೂ ಚೆಂದವೇ. ಪಡುವಣ ಗಾಳಿ ಮಳೆಯನ್ನು ಅಡ್ಡಡ್ಡಲಾಗಿ ಗೋಡೆಗೆ ಎರಚುವಾಗ ಮಾತ್ರ ಮನೆ ತನ್ನ ಗುಟ್ಟು ಬಿಡುತ್ತದೆ.

ಹೊನ್ನಾವರದ ಹತ್ತಿರದ ಮೊದಲ ಮನೆ ಹೊರಗಿನಿಂದ ತುಂಬ ಅಂದ. ಸೂರು ಮಾತ್ರ ಹೊರಚಾಚಿಯೇ ಇರಲಿಲ್ಲ. ಒಳಗೆ ಹೋದರೆ ಪಡುವಣ ಕೋಣೆಯ ಗೋಡೆಯಲ್ಲಿ ಕಪ್ಪು ಬೂಷ್ಟು, ಕಿಟಕಿ ಕೆಳಗೆ ಮಡಚಿಟ್ಟ ಹಳೇ ಸೀರೆ. ಮನೆಯಾಕೆ ಹೆಚ್ಚು ಮಾತಾಡಲಿಲ್ಲ, ಕಪಾಟು ತೆರೆದು ಬಟ್ಟೆ ಮೂಸಿ ನೋಡಿ ಅಂದರು. ಎರಡನೆಯದು ಅಂಕೋಲಾ ಕಡೆಯದು, ಸ್ಲ್ಯಾಬ್ ಮನೆ. ಕಟ್ಟಿದ ಎರಡನೇ ವರ್ಷವೇ ಮೇಲೆ ತಗಡಿನ ಶೀಟು ಹೊದಿಸಿದ್ದರು. ಭಟ್ಕಳದಿಂದ ಕಾರವಾರದವರೆಗೆ ಬಸ್ಸಿನಲ್ಲಿ ಹೋದರೆ ಸ್ಲ್ಯಾಬಿನ ಮೇಲೆ ಶೀಟು ಹೊತ್ತ ಮನೆಗಳು ಎಷ್ಟೋ ಕಾಣುತ್ತವೆ. ಅದೂ ಸರಿಯೇ, ಆದರೆ ಆಮೇಲೆ ಹೊದಿಸಬೇಕೆಂದು ಗೊತ್ತಿದ್ದರೆ ನಕ್ಷೆಯಲ್ಲೇ ಮಾಡು ಯಾಕೆ ಇರಬಾರದು ಎಂಬ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು.

ಮೂರನೆಯದು ಕುಮಟಾದ್ದೇ, ಆರು ವರ್ಷದ್ದು. ಸೋರುತ್ತದೆಯೇ ಎಂದು ಕೇಳಿದೆ. ಮೊದಲ ಮಳೆಗಾಲ ಸೋರಿತ್ತು, ಎರಡು ಮಾಡು ಸೇರುವ ಮೂಲೆಯಲ್ಲಿ, ಎಂದರು ಮನೆಯವರು. ಫೋನ್ ಮಾಡಿದ ಮರುದಿನ ಆರ್ಕಿಟೆಕ್ಟ್ ಛತ್ರಿ ಹಿಡಿದು ಬಂದು ನೋಡಿದರಂತೆ, ಮಳೆ ಬಿಟ್ಟ ಮೇಲೆ ನಿಂತು ಸರಿ ಮಾಡಿಸಿದರಂತೆ, ಬೇರೆ ಹಣ ಕೇಳಲಿಲ್ಲವಂತೆ. ಎಂದೂ ಸೋರಿಲ್ಲ ಎಂಬ ಮಾತಿಗಿಂತ ನನಗೆ ಈ ಮಾತು ಹೆಚ್ಚು ಗಟ್ಟಿ ಅನ್ನಿಸಿತು.

ಆಮೇಲೆ ಮೂವರನ್ನೂ ನಮ್ಮ ಮನೆಗೆ ಕರೆದೆ. ಮೊದಲಿನವರು ಜಗಲಿಯಲ್ಲಿ ಕೂತು ಬಜೆಟ್ ಕೇಳಿದರು. ಎರಡನೆಯವರು, ಇದನ್ನು ಕೆಡವುವುದೇ ಲೇಸು ಮೇಡಂ, ಕೆಲಸ ನಮಗೇ ಕೊಟ್ಟರೆ ಪ್ಲಾನ್ ಫ್ರೀ ಅಂದರು. ಬ್ಯಾಂಕಿನಲ್ಲಿ ಗೃಹಸಾಲದ ಕಡತ ನೋಡಿ ಬಂದವಳು ನಾನು. ನಕ್ಷೆ ಬರೆಯುವವರೇ ಗುತ್ತಿಗೆದಾರರೂ ಆದರೆ ಗುತ್ತಿಗೆದಾರನ ಕೆಲಸ ಪರೀಕ್ಷಿಸಿ ‘ಇದು ಸರಿಯಿಲ್ಲ, ಬಿಚ್ಚು’ ಎನ್ನಲು ನನ್ನ ಕಡೆಯಿಂದ ಯಾರೂ ಉಳಿಯುವುದಿಲ್ಲ. ಫ್ರೀ ಪ್ಲಾನಿನ ಬೆಲೆ ಅಲ್ಲಿದೆ.

ಮೂರನೆಯಾಕೆ ಮೂವತ್ತೈದರ ಆಸುಪಾಸಿನವಳು. ಬಂದವಳೇ ಅಟ್ಟ ಹತ್ತಿದಳು. ಟಾರ್ಚ್ ಹಿಡಿದು ಪಕಾಸು, ರೀಪುಗಳನ್ನು ಒಂದೊಂದೇ ತಟ್ಟಿ ನೋಡಿದಳು. ಕೆಳಗಿಳಿದು ಆಯಿಯ ಹತ್ತಿರ ಕೂತು, ಯಾವ ಮಳೆಗೆ ಎಲ್ಲಿಂದ ನೀರು ಬರುತ್ತದೆ, ಅಡುಗೆಮನೆಗೆ ಎಷ್ಟು ಹೊತ್ತಿಗೆ ಬೆಳಕು ಬೀಳುತ್ತದೆ, ರಾತ್ರಿ ಬಚ್ಚಲಿಗೆ ಹೋಗುವಾಗ ಎಷ್ಟು ಮೆಟ್ಟಿಲು ಇಳಿಯಬೇಕು ಎಂದೆಲ್ಲ ಕೇಳಿ ಬರೆದುಕೊಂಡಳು. ಅವಳು ಹೋದ ಮೇಲೆ ಆಯಿ ಹೇಳಿದ್ದು: “ನೀರು ಎಲ್ಲಿಂದ ಬತ್ತು ಹೇಳಿ ಕೇಳಿದ್ದು ಈ ಕೂಸೊಂದೇಯ.”

ನನ್ನ ಪ್ರಶ್ನೆಗಳೂ ಇದ್ದವು. ಹೊಸ ಬಚ್ಚಲಿಗೆ ಸ್ವಲ್ಪ ಕಾಂಕ್ರೀಟ್ ಬೇಕಿತ್ತು. ನಮ್ಮ ಉಪ್ಪುಗಾಳಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟ್ ಒಡೆದ ಮನೆಗಳನ್ನು ನೋಡಿದ್ದೆ. ಕಬ್ಬಿಣದ ಮೇಲೆ ಎಷ್ಟು ಕವರ್ (ಅದನ್ನು ಮುಚ್ಚುವ ಕಾಂಕ್ರೀಟಿನ ದಪ್ಪ) ಕೊಡುತ್ತೀರಿ ಎಂದು ಮೂವರಿಗೂ ಕೇಳಿದೆ. ಒಬ್ಬರು ‘ಎಲ್ಲರೂ ಕೊಡುವಷ್ಟೇ’ ಅಂದರು. ಇವಳು, ಅದನ್ನು ಸ್ಟ್ರಕ್ಚರಲ್ ಎಂಜಿನಿಯರ್ ನಿರ್ಧರಿಸಬೇಕು, ನಾನು ಅವರನ್ನು ಕರೆತರುತ್ತೇನೆ, ಅವರ ಫೀ ಬೇರೆ ಎಂದು ನೇರ ಹೇಳಿದಳು. ಆ ಎಂಜಿನಿಯರ್ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456 ಸಂಹಿತೆ ತೋರಿಸಿದರು: ಕರಾವಳಿಯ ಗಾಳಿಗೆ ತೆರೆದುಕೊಂಡ ಕಾಂಕ್ರೀಟ್‌ಗೆ ಎಂ30 ಎಂಬ ಬಲದ ದರ್ಜೆ, 45 ಮಿಲಿಮೀಟರ್ ಕವರ್. ಎಂ20, 20 ಮಿಲಿಮೀಟರ್ ಅದೇ ಸಂಹಿತೆಯಲ್ಲಿ ಇರುವುದು ತೀರ ಸೌಮ್ಯ ಪರಿಸರಕ್ಕೆ.

ಇನ್ನೊಂದು ಸಿಆರ್‌ಝಡ್. ಕರಾವಳಿಯಲ್ಲಿ ಕಟ್ಟಡ ಕಟ್ಟುವುದನ್ನು ನಿಯಂತ್ರಿಸುವ ಕೇಂದ್ರದ ನಿಯಮ ಅದು. ಸಮುದ್ರದಂಡೆಗೆ ಮಾತ್ರ ಎಂದು ತಿಳಿದವರು ಬಹಳ. ಭರತದ (ಉಬ್ಬರದ) ನೀರು ಏರುವ ಹೊಳೆಯ ದಂಡೆಗೂ ಅದು ಅನ್ವಯ. 2011ರ ಅಧಿಸೂಚನೆಯಲ್ಲಿ ಉಬ್ಬರದ ಗೆರೆಯಿಂದ 100 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು. 2019ರದರಲ್ಲಿ ಆ 100 ಹೋಗಿ 50 ಆಯಿತು. ಆ ತ್ರೀಡಿ ಚಿತ್ರದವರು ಗಜನಿಯ ಕಡೆ ಕೋಣೆ ಚಾಚುವಾಗ ಇದರ ಸುದ್ದಿಯನ್ನೇ ಎತ್ತಿರಲಿಲ್ಲ. ಈ ಹುಡುಗಿ ಮೊದಲ ಭೇಟಿಯಲ್ಲೇ ಇ-ಸ್ವತ್ತಿನ ಕಾಗದ ಕೇಳಿ, ಅಧಿಕೃತವಾಗಿ ಇರುವ ಮನೆಯನ್ನು ಹಳೇ ಪಂಚಾಂಗದ (ಅಡಿಪಾಯದ) ಅಳತೆ ಮೀರದೆ ರಿಪೇರಿ ಮಾಡಲು ಅವಕಾಶವಿದೆ, ನಾವು ಅದರೊಳಗೇ ಇರೋಣ ಅಕ್ಕ, ಪಂಚಾಯ್ತಿಗೆ ಹೋಗುವ ಮೊದಲು ಕಾರವಾರದ ಸಿಆರ್‌ಝಡ್ ಕಚೇರಿಯಲ್ಲಿ ಬರಹದಲ್ಲೇ ಕೇಳಿಬಿಡೋಣ ಅಂದಳು. ಕೇಳಿದೆವು, ಸ್ವಲ್ಪ ತಡವಾಯಿತು, ಆದರೆ ನಿಶ್ಚಿಂತೆ.

ಫೀ ವಿಷಯದಲ್ಲಿ ಮೊದಲಿನವರು ಒಟ್ಟು ಖರ್ಚಿನ ಶೇಕಡಾ 7 ಕೇಳಿದ್ದರು. ಶೇಕಡಾ ಲೆಕ್ಕ ಅನ್ಯಾಯವೇನಲ್ಲ, ಆದರೆ ಖರ್ಚು ಏರಿದಷ್ಟೂ ಫೀ ಏರುತ್ತದೆ. ಹಳೇ ಮನೆಯಲ್ಲಿ ಖರ್ಚು ಏರದೆ ಇರುವುದಿಲ್ಲ. ಇವಳ ಜೊತೆ 1,45,000 ರೂಪಾಯಿ ಎಂದು ನಿಗದಿ ಮಾಡಿಕೊಂಡೆ. ಕರಾರು ಛಾಪಾಕಾಗದದ ಮೇಲೆ. ಸಹಿಗೆ ಶೇಕಡಾ 10, ಮೊದಲ ನಕ್ಷೆ ಒಪ್ಪಿದ ಮೇಲೆ 20, ಮೇಸ್ತ್ರಿಗೂ ಆಚಾರಿಗೂ ಕೊಡುವ ವರ್ಕಿಂಗ್ ಡ್ರಾಯಿಂಗ್ ಪೂರ್ತಿ ಆದ ಮೇಲೆ 30, ಕೆಲಸ ನಡೆದ ಹಾಗೆ 30, ಉಳಿದ 10 ಕೊನೆಗೆ. ಎಷ್ಟು ಸಲ ಸೈಟಿಗೆ ಬರಬೇಕು (ಹದಿನೈದು), ಮಧ್ಯೆ ಬಿಟ್ಟರೆ ನಕ್ಷೆ ಯಾರದು, ಗುತ್ತಿಗೆದಾರರಿಂದಾಗಲಿ ಅಂಗಡಿಯವರಿಂದಾಗಲಿ ಕಮಿಷನ್ ತೆಗೆದುಕೊಳ್ಳುವಂತಿಲ್ಲ ಎಂಬುದನ್ನೂ ಬರೆಸಿದೆ. ಕೊನೆಯದನ್ನು ಓದಿ ಅವಳು ಬೇಸರ ಮಾಡಿಕೊಳ್ಳಲಿಲ್ಲ. ಬೇಸರ ಮಾಡಿಕೊಂಡಿದ್ದರೆ ನಾನು ಸಹಿ ಹಾಕುತ್ತಿರಲಿಲ್ಲ.

ಜಗಳವೂ ಆಯಿತು. ಪಡುವಣ ಗೋಡೆಗೆ ಸಿಮೆಂಟ್ ಬಳಿಸಿ ಮುಗಿಸಿಬಿಡೋಣ ಎಂದು ನನ್ನ ಹಟ. ಚಿರೆಕಲ್ಲು ನೀರು ಕುಡಿಯುವ ಕಲ್ಲು, ಸಿಮೆಂಟ್ ಬಳಿದರೆ ಒಳಗಿನ ತೇವ ಒಳಗೇ ಕೂರುತ್ತದೆ, ಸುಣ್ಣದ ಗಾರೆಯಾದರೆ ಗೋಡೆ ಒಣಗುತ್ತದೆ ಎಂದು ಅವಳ ಹಟ. ಸುಣ್ಣದ ಕೆಲಸ ಗೊತ್ತಿದ್ದ ಮೇಸ್ತ್ರಿ ಸಿಗಲು ಇಪ್ಪತ್ತು ದಿನ ಹೋಯಿತು, ನನಗೆ ಸಿಟ್ಟೂ ಬಂತು. ಸೂರನ್ನು ಮೂರಡಿ ಹೊರಗೆ ತಂದ ಮೇಲೆ, ಎರಡು ಮಳೆಗಾಲ ಕಳೆದರೂ ಆ ಗೋಡೆಗೆ ಮಡಲ ತಟ್ಟಿ ಕಟ್ಟಿಲ್ಲ. ಅವಳು ಹೇಳಿದ್ದೇ ಸರಿ.

ಒಟ್ಟು ಖರ್ಚು 26 ಲಕ್ಷ 70 ಸಾವಿರಕ್ಕೆ ನಿಂತಿತು. ಹಂಚು ಇಳಿಸಿದ ಮೇಲೆ ತೊಲೆಯೊಂದು ಒಳಗೇ ಟೊಳ್ಳಾದದ್ದು ಕಂಡಿತು. ಹಳೇ ಮನೆಗೆ ಅಂದಾಜಿನ ಮೇಲೆ ಶೇಕಡಾ 15 ಬೇರೆ ಕೈಯಲ್ಲಿ ಇಟ್ಟುಕೊಳ್ಳಿ ಎಂದು ಅವಳು ಮೊದಲೇ ಹೇಳಿದ್ದರಿಂದ ಅಣ್ಣನ ಹತ್ತಿರ ಮತ್ತೆ ಕೈಚಾಚುವ ಪ್ರಸಂಗ ಬರಲಿಲ್ಲ.

ಕೊನೆಯ ಕಂತು ಕೊಡುವ ದಿನ ಅವಳು ಇನ್ನೊಂದು ಕಟ್ಟು ನಕ್ಷೆ ತಂದಳು: ನೀರಿನ ಪೈಪು, ಕರೆಂಟಿನ ವಯರು ಗೋಡೆಯೊಳಗೆ ಎಲ್ಲೆಲ್ಲಿ ಹೋಗಿವೆ ಎಂಬುದರ ನಕ್ಷೆ, ಕಟ್ಟಿದ ಹಾಗೆಯೇ ಅಳೆದು ಬರೆದದ್ದು. ಅದನ್ನೂ ಕರಾರಿನಲ್ಲಿ ಬರೆಸಿದ್ದೆ. ಅಜ್ಜನ ಕಾಲದ ಜಾಗದ ಕಾಗದಗಳಿರುವ ಪೆಟ್ಟಿಗೆಯಲ್ಲಿ ಆಯಿ ಅದನ್ನು ಇಟ್ಟಿದ್ದಾಳೆ.