ಚೆಂಡು ನಿಂತಲ್ಲಿಂದ ಮುಂದಕ್ಕೆ: ಫ್ರೀಸಿಯಾದ ಹಳ್ಳಿಯೊಂದರ ಸಂಘದಲ್ಲಿ ನನ್ನ ಅನುಭವ

ಹಳ್ಳಿ ರಸ್ತೆಯ ಮೇಲೆ ಚೆಂಡನ್ನು ಎಸೆದು ದೂರಕ್ಕೆ ಉರುಳಿಸುವ ಬೋಸೆಲ್ನ್ ಆಟವನ್ನು ಕಲಿಯಬೇಕೆಂದು ಬಂದವರ ಕೈಗೆ ನಮ್ಮ ಸಂಘದ ಹಿರಿಯರು ಮೊದಲ ದಿನವೇ ಚೆಂಡು ಕೊಡುವುದಿಲ್ಲ. ಪಂದ್ಯ ನಡೆಯುವ ರಸ್ತೆಯುದ್ದಕ್ಕೂ ನಡೆಸಿಕೊಂಡು ಹೋಗುತ್ತಾರೆ. ನನಗೂ ಹಾಗೆಯೇ ಮಾಡಿದರು. ರಸ್ತೆಯ ನಡು ಎಲ್ಲಿ ಉಬ್ಬಿದೆ, ಟಾರಿನ ತೇಪೆ ಎಲ್ಲಿದೆ, ಟ್ರ್ಯಾಕ್ಟರ್ ಚಕ್ರ ಎಲ್ಲಿ ಅಂಚನ್ನು ತಗ್ಗಿಸಿದೆ ಎಂಬುದನ್ನೆಲ್ಲ ಬೂಟಿನ ತುದಿಯಿಂದ ತಟ್ಟಿ ತೋರಿಸಿದರು. ಈ ಆಟದ ಅರ್ಧ ವಿದ್ಯೆ ಅಲ್ಲೇ ಇದೆ ಎಂದು ನಾನು ಈಗ ಯಾರ ಮುಂದೆಯಾದರೂ ಹೇಳಬಲ್ಲೆ.

ನಾನಿರುವುದು ಜರ್ಮನಿಯ ವಾಯವ್ಯ ಮೂಲೆಯ ಪೂರ್ವ ಫ್ರೀಸಿಯಾದಲ್ಲಿ. ಗಾಳಿಯಂತ್ರಗಳ ಕೆಲಸ ನನ್ನನ್ನು ಇಲ್ಲಿಗೆ ತಂದಿತು. ಗುಡ್ಡ ಎಂಬುದು ಕಣ್ಣಿಗೆ ಬೀಳದ ನಾಡು ಇದು. ಕರಾವಳಿಯ ಜವುಗು ನೆಲವನ್ನು ಒಡ್ಡು ಕಟ್ಟಿ ಕಾಪಾಡಿಕೊಂಡಿದ್ದಾರೆ. ರಸ್ತೆಗಳ ಇಕ್ಕೆಲದಲ್ಲಿ ನೀರು ಬಸಿಯುವ ಕಾಲುವೆಗಳಿವೆ. ಅಂಥ ಹಳ್ಳಿ ರಸ್ತೆಗಳೇ ಬೋಸೆಲ್ನ್ ಆಟದ ಅಂಗಳ. ಬೇಸಿಗೆಯ ಕೊನೆಯಿಂದ ವಸಂತದವರೆಗೆ ಭಾನುವಾರ ಬೆಳಿಗ್ಗೆ ಈ ಕಡೆ ಕಾರು ಓಡಿಸಿದರೆ ಎಚ್ಚರಿಕೆಯ ಫಲಕ, ಹೊಳೆಯುವ ಅಂಗಿ ತೊಟ್ಟ ಗುಂಪು, ಎದುರಿನಿಂದ ಉರುಳಿ ಬರುವ ಚೆಂಡು ಎಲ್ಲವೂ ಸಿಗುತ್ತವೆ. ಚಾಲಕರು ನಿಂತು ದಾರಿ ಬಿಡುತ್ತಾರೆ. ಅವರಲ್ಲಿ ಅನೇಕರು ಇನ್ನೊಂದು ಊರಿನ ಸಂಘದ ಆಟಗಾರರೇ.

ನಿಯಮ ಕೇಳಲು ಸರಳ. ಎರಡು ತಂಡಗಳು ಒಂದೇ ರಸ್ತೆಯಲ್ಲಿ ಹೊರಡುತ್ತವೆ, ತಿರುವಿನ ಗುರುತಿನವರೆಗೆ ಹೋಗಿ ಮರಳುತ್ತವೆ. ಒಬ್ಬರು ಎಸೆದ ಚೆಂಡು ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಅದೇ ಗುಂಪಿನ ಮುಂದಿನವರು ಎಸೆಯಬೇಕು. ಹಿಂದೆ ಬಿದ್ದ ತಂಡ ಮೊದಲು ಎಸೆಯುತ್ತದೆ. ಆ ಎಸೆತ ಎದುರಾಳಿಯ ಚೆಂಡು ನಿಂತ ಜಾಗವನ್ನು ದಾಟದಿದ್ದರೆ ಎದುರಾಳಿಗೆ ಒಂದು ಅಂಕ. ಅದನ್ನು ಇಲ್ಲಿ ‘ಶ್ಯೋಟ್’ ಎನ್ನುತ್ತಾರೆ. ನಮ್ಮ ಗುಂಪಿನಲ್ಲಿ ನಾಲ್ವರು. ನನ್ನ ಎಸೆತ ಕಾಲುವೆ ಪಾಲಾದರೆ ಮುಂದಿನವನು ಆ ನಷ್ಟವನ್ನು ಹೊತ್ತೇ ಎಸೆಯಬೇಕು. ಆದ್ದರಿಂದ ಉದ್ದಕ್ಕೆ ಎಸೆಯುವವನಿಗಿಂತ ಪ್ರತಿ ಸಲವೂ ರಸ್ತೆಯ ಮೇಲೆಯೇ ಚೆಂಡನ್ನು ಉಳಿಸುವವನನ್ನು ತಂಡ ಹೆಚ್ಚು ಪ್ರೀತಿಸುತ್ತದೆ. ನನ್ನನ್ನು ಈ ಆಟಕ್ಕೆ ಕಟ್ಟಿಹಾಕಿದ್ದೂ ಇದೇ ಗುಣ.

ಚೆಂಡುಗಳಲ್ಲಿ ಮುಖ್ಯವಾಗಿ ಎರಡು ಬಗೆ. ‘ಮರ’ ಎಂದು ಕರೆಯುವ ಚೆಂಡನ್ನು ಹಿಂದೆ ಪೋಕ್‌ಹೋಲ್ಟ್ಸ್ ಎಂಬ, ನೀರಿನಲ್ಲಿ ಮುಳುಗುವಷ್ಟು ಭಾರವಾದ ಮರದಿಂದ ಕಡೆಯುತ್ತಿದ್ದರು. ಈಗ ಪ್ಲಾಸ್ಟಿಕ್ಕಿನಿಂದ ಮಾಡಿದರೂ ಹಳೆಯ ಹೆಸರೇ ಉಳಿದಿದೆ. ಇನ್ನೊಂದು ರಬ್ಬರಿನದು. ಯಾವ ಗುಂಪು ಯಾವುದರಲ್ಲಿ ಆಡಬೇಕೆಂಬುದು ಮೊದಲೇ ತೀರ್ಮಾನವಾಗಿರುತ್ತದೆ. ನಾನು ರಬ್ಬರ್ ಗುಂಪಿನವನು. ರಬ್ಬರ್ ಚೆಂಡು ನೆಲಕ್ಕೆ ತಾಗಿದಾಗ ಪುಟಿಯುತ್ತದೆ. ಅದನ್ನು ಮೇಲಿನಿಂದ ಕುಕ್ಕದೆ, ನೆಲಕ್ಕೆ ಸವರಿದಂತೆ ಇಳಿಸಬೇಕು.

ಎಸೆತದ ಕ್ರಮ ಹೀಗೆ: ಹಲವಾರು ಹೆಜ್ಜೆಗಳ ಓಟ, ಕೊನೆಗೆ ವೇಗ ಹೆಚ್ಚಳ, ತೋಳು ಹಿಂದಕ್ಕೆ ಹೋಗಿ ತೊಡೆಯ ಪಕ್ಕದಿಂದ ಮುಂದಕ್ಕೆ ಬರುವ ಕೆಳಗೈ ಬೀಸು. ಕಾಲೇಜಿನಲ್ಲಿ ಆಫ್ ಸ್ಪಿನ್ ಹಾಕುತ್ತಿದ್ದ ನನಗೆ ಓಟದ ಲಯ ಬೇಗ ಒಲಿಯಿತು, ಬೆರಳ ಕೆಲಸವೂ ಅರ್ಥವಾಯಿತು. ಚೆಂಡನ್ನು ಹೆಬ್ಬೆರಳ ಕಡೆಯಿಂದ ಬಿಟ್ಟರೆ ಅದು ಒಂದು ಬದಿಗೆ ವಾಲಿ ಓಡುತ್ತದೆ, ಕಿರುಬೆರಳ ಕಡೆಯಿಂದ ಬಿಟ್ಟರೆ ಮತ್ತೊಂದು ಬದಿಗೆ. ರಸ್ತೆ ಎಡಕ್ಕೆ ತಿರುಗುವಲ್ಲಿ ಯಾವ ತಿರುಚು, ಉಬ್ಬಿನ ಬಲ ಇಳಿಜಾರಿನಲ್ಲಿ ಯಾವುದು ಎಂಬುದನ್ನು ಕೈಗೆ ಕಲಿಸಲು ನನಗೆ ಇಡೀ ಒಂದು ಚಳಿಗಾಲ ಬೇಕಾಯಿತು. ಒಳ್ಳೆಯ ಎಸೆತ ನೂರು ಮೀಟರನ್ನು ಸಲೀಸಾಗಿ ದಾಟುತ್ತದೆ. ಆ ದೂರದ ಬಹುಭಾಗ ಉರುಳುವುದರಿಂದಲೇ ಸಿಗುತ್ತದೆ. ತೋಳು ಚೆಂಡನ್ನು ರಸ್ತೆಗೆ ಒಪ್ಪಿಸುತ್ತದೆ, ಉಳಿದದ್ದು ರಸ್ತೆಯ ಕೆಲಸ.

ಎಸೆಯುವವನು ಒಂಟಿಯಲ್ಲ. ಮುಂದೆ, ಚೆಂಡು ನೆಲಕ್ಕೆ ತಾಗಬೇಕಾದ ಜಾಗದಲ್ಲಿ, ‘ಆನ್‌ವೈಸರ್’ ನಿಂತಿರುತ್ತಾನೆ. ಕಾಲಗಲಿಸಿ, ಕೈಯಿಂದ ನೆಲ ತೋರಿಸಿ, ಇಲ್ಲೇ ಎನ್ನುತ್ತಾನೆ. ಅವನ ಮೇಲಿನ ನಂಬಿಕೆಯೇ ಎಸೆತದ ಜೀವ. ಮಳೆ ಬಂದು ಟಾರು ಒದ್ದೆಯಾದರೆ, ಎಲೆ ಉದುರಿ ಅಂಚು ಮುಚ್ಚಿದರೆ, ಸಮುದ್ರದ ಗಾಳಿ ಅಡ್ಡಕ್ಕೆ ಬೀಸಿದರೆ ಅವನು ಜಾಗ ಬದಲಿಸುತ್ತಾನೆ. ಹೊಸಬರು ತಮ್ಮ ಲೆಕ್ಕ ಹಾಕದೆ ಅವನ ಕೈಯನ್ನೇ ನೋಡಿ ಎಸೆಯಬೇಕು. ನಮ್ಮ ತಂಡದ ಆನ್‌ವೈಸರ್ ಎಪ್ಪತ್ತು ದಾಟಿದ ರೈತರು. ಎಸೆಯುವುದನ್ನು ಬಿಟ್ಟು ಬಹಳ ವರ್ಷಗಳಾದವು. ಆದರೆ ಅವರಿಲ್ಲದ ಭಾನುವಾರ ನಾವು ಅರ್ಧ ತಂಡ.

ಕಾಲುವೆಗೆ ಬಿದ್ದ ಚೆಂಡನ್ನು ಎತ್ತಲು ‘ಕ್ರಾಬರ್’ ಇದೆ: ಉದ್ದನೆಯ ಕೋಲಿನ ತುದಿಯಲ್ಲಿ ಕಬ್ಬಿಣದ ಬುಟ್ಟಿ. ಕೆಸರು ನೀರಿನ ತಳವನ್ನು ಅದರಿಂದ ತಡಕಿ ಚೆಂಡನ್ನು ಹೊರತೆಗೆಯುವುದು ಹೊಸಬರ ಪಾಲಿನ ಕೆಲಸ. ಅದನ್ನು ಸಂತೋಷದಿಂದ ಮಾಡಿದೆ. ಎಲ್ಲಿ ಹೆಚ್ಚು ಚೆಂಡುಗಳು ಬೀಳುತ್ತವೆಯೋ ಅಲ್ಲಿ ರಸ್ತೆ ವಾಲಿದೆ ಎಂಬ ನಕ್ಷೆ ತಲೆಯಲ್ಲಿ ತಾನಾಗಿ ಮೂಡಿತು.

ನಮ್ಮ ಸಂಘದಲ್ಲಿ ಇನ್ನೊಂದು ಆಟವೂ ಇದೆ, ಬೋಸೆಲ್ನ್‌ಗಿಂತ ಹಳೆಯದು: ಕ್ಲೋಟ್‌ಶೀಸೆನ್. ಒಳಗೆ ಸೀಸ ತುಂಬಿದ ಸಣ್ಣ ಮರದ ಗುಂಡು. ಗಂಡಸರಿಗೆ 475 ಗ್ರಾಂ. ಆಟಗಾರ ಹಾಸಿನ ಮೇಲೆ ಓಡಿ ಬಂದು, ಇಳಿಜಾರು ಹಲಗೆಯ ಮೇಲೆ ಜಿಗಿದು, ತೋಳನ್ನು ಪೂರ್ತಿ ಸುತ್ತು ತಿರುಗಿಸಿ ಗುಂಡನ್ನು ಗಾಳಿಗೆ ಬಿಡುತ್ತಾನೆ. ಹೀಗೆ ಒಂದೇ ಜಾಗದಿಂದ ಎಸೆದು ಅಳೆಯುವಾಗ ಉರುಳುವುದರ ಸಹಾಯವಿಲ್ಲ, ಹಾರಿದ ದೂರವೇ ಲೆಕ್ಕ. 1996ರಲ್ಲಿ ಸ್ಟೆಫಾನ್ ಆಲ್ಬಾರುಸ್ ಎಸೆದ 106.20 ಮೀಟರನ್ನು ಇಲ್ಲಿನ ಮಕ್ಕಳೂ ಬಲ್ಲರು. ‘ಲ್ಯುಖ್ ಅಪ್ ಉನ್ ಫ್ಲೋಯ್ ಹೆರೂಟ್’, ಎತ್ತಿ ಹಾರಿಸು ಎಂದು ಇಡೀ ಗುಂಪು ಕೂಗುವಾಗ ಮೈ ಜುಮ್ಮೆನ್ನುತ್ತದೆ. ಭುಜಕ್ಕೆ ಬಹಳ ಶ್ರಮ ಕೊಡುವ ಎಸೆತವಿದು. ಚಿಕ್ಕಂದಿನಿಂದ ಕಲಿತವರಿಗೇ ಅದು ಒಲಿಯುತ್ತದೆ. ನಾನು ಹಾಸು ಮಡಚುವ, ದೂರ ಅಳೆಯುವ ಕೆಲಸಕ್ಕೆ ನಿಲ್ಲುತ್ತೇನೆ.

ತಂಡಗಳು ಗದ್ದೆಯುದ್ದಕ್ಕೂ ಎಸೆಯುತ್ತ ಸಾಗುವ ಇದರ ಬಯಲು ಪಂದ್ಯಕ್ಕೆ ಹೆಪ್ಪುಗಟ್ಟಿದ ನೆಲ ಬೇಕು. ಪೂರ್ವ ಫ್ರೀಸಿಯಾ ಮತ್ತು ನೆರೆಯ ಓಲ್ಡನ್‌ಬರ್ಗ್ ಪ್ರದೇಶದ ನಡುವಿನ ದೊಡ್ಡ ಸೆಣಸಾಟ ನಡೆಯುವುದು ನೆಲ ಕಲ್ಲಾದಾಗ ಮಾತ್ರ. ಚಳಿಗಾಲಗಳು ಬೆಚ್ಚಗಾಗುತ್ತಿವೆ, ಅಂಥ ದಿನಗಳು ಅಪರೂಪವಾಗುತ್ತಿವೆ. ನಮ್ಮ ಹಿರಿಯರು ಜನವರಿಯಲ್ಲಿ ಬೆಳಿಗ್ಗೆ ಎದ್ದು ಮೊದಲು ಗದ್ದೆ ನೋಡುತ್ತಾರೆ. ಈ ಬಯಲು ಪಂದ್ಯ ಉಳಿಯಬೇಕೆಂಬ ಅವರ ತವಕ ಈಗ ನನ್ನದೂ ಆಗಿದೆ.

1902ರಲ್ಲಿ ಹುಟ್ಟಿದ ಫ್ರೀಸಿಯನ್ ಕ್ಲೋಟ್‌ಶೀಸರ್ ಒಕ್ಕೂಟ ಈ ಎರಡು ಪ್ರದೇಶಗಳ ಸಂಘಗಳನ್ನು ಒಂದುಗೂಡಿಸಿದೆ. ಐರ್ಲೆಂಡ್, ನೆದರ್ಲೆಂಡ್ಸ್, ಇಟಲಿಗಳಲ್ಲೂ ಇಂಥ ಆಟಗಳಿವೆ. ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಐರಿಷ್ ಕಬ್ಬಿಣದ ಚೆಂಡಿನ ರಸ್ತೆ ಎಸೆತ, ಡಚ್ಚರ ಬಯಲು ಎಸೆತ, ಒಂದೇ ಜಾಗದಿಂದ ಎಸೆದು ದೂರ ಅಳೆಯುವ ನಮ್ಮ ಕ್ಲೋಟ್ ಎಸೆತ ಎಲ್ಲವನ್ನೂ ಆಡಿಸುತ್ತಾರೆ.

ಕೈಗಾಡಿ ಎಳೆದುಕೊಂಡು, ಮದ್ಯ ಸವಿಯುತ್ತ, ಕೊನೆಗೆ ಹಸಿರು ಕೇಲ್ ಸೊಪ್ಪು ಮತ್ತು ಸಾಸೇಜ್ ಊಟ ಮಾಡುವ ಚಳಿಗಾಲದ ವಿಹಾರವನ್ನೇ ಬೋಸೆಲ್ನ್ ಎಂದು ತಿಳಿದವರು ಬಹಳ. ಅದೂ ಚೆನ್ನ. ಆದರೆ ಲೀಗ್ ಆಟವೇ ಬೇರೆ. ಅಲ್ಲಿ ಪಂದ್ಯ ಮುಗಿದ ಮೇಲೆ ಮಾತು, ಕಲ್ಲುಸಕ್ಕರೆ ಹಾಕಿ ಕೆನೆ ತೇಲಿಸಿದ ಚಹಾ, ಅದೂ ಮೂರು ಲೋಟ. ಸಾಸೇಜ್ ತಿನ್ನದ ಸಸ್ಯಾಹಾರಿಗೂ ಆ ಮೇಜಿನ ಬಳಿ ಜಾಗವಿದೆ.

ಔರಿಶ್, ಎಮ್ಡೆನ್, ಓಲ್ಡನ್‌ಬರ್ಗ್ ಕಡೆಗೆ ಓದಲು ಅಥವಾ ಕೆಲಸಕ್ಕೆ ಬರುವ ಕನ್ನಡಿಗರು ಹತ್ತಿರದ ಹಳ್ಳಿಯ ಸಂಘವನ್ನು ವಿಚಾರಿಸಿ. ಜರ್ಮನ್ ಅರೆಬರೆ ಬಂದರೂ ಸಾಕು, ರಸ್ತೆಯಲ್ಲಿ ಕೈಸನ್ನೆಯೇ ಹೆಚ್ಚು. ಹಿಡಿತವಿರುವ ಅಡಿಯ ಬೂಟು, ಗಾಳಿ ತಡೆಯುವ ಅಂಗಿ ಇರಲಿ. ಎಸೆಯುವ ಕೈಗೆ ಕೈಗವಸು ಹಾಕಬೇಡಿ. ಬೆರಳಿಗೆ ಚೆಂಡು ತಿಳಿಯಬೇಕು. ಮೊದಲು ಕ್ರಾಬರ್ ಹಿಡಿಯಲು ಸಿದ್ಧರಾಗಿ ಹೋಗಿ.