ಬಟ್ಟೆ ಡೈಪರ್ ಕೊಳ್ಳುವ ಮುಂಚೆ ನಿಮ್ಮ ಮನೆಯ ನೀರು, ಬಿಸಿಲು ನೋಡಿ

ಏಳನೇ ತಿಂಗಳು ದಾಟಿದರೆ ಸಾಕು, ಹುಟ್ಟಲಿರುವ ಮಗುವಿಗೆ ಬೇಕಾದ ಸಾಮಾನಿನ ಪಟ್ಟಿ ಶುರುವಾಗುತ್ತದೆ. ಬಟ್ಟೆ ಡೈಪರ್ ಅಂತ ಫೋನಿನಲ್ಲಿ ಹುಡುಕಿದರೆ ಆನೆ, ಜಿರಾಫೆ, ಕಲ್ಲಂಗಡಿ ಚಿತ್ರದವು ಸಾಲುಸಾಲಾಗಿ ಬರುತ್ತವೆ. ಚಿತ್ರ ಚೆನ್ನಾಗಿದೆ ಅಂತ ಒಟ್ಟಿಗೇ ಇಪ್ಪತ್ತು ತರಿಸಿಬಿಡುವವರು ಜಾಸ್ತಿ. ಎರಡು ತಿಂಗಳಾಗುವಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಅವು ಬೀರುವಿನ ಮೂಲೆ ಸೇರಿರುತ್ತವೆ. ಡೈಪರ್ ಕಳಪೆ ಅಂತಲ್ಲ. ಆ ಮನೆಯ ನೀರಿಗೆ, ಬಿಸಿಲಿಗೆ, ಒಗೆಯುವವರ ದಿನಚರಿಗೆ ಅದು ಹೊಂದಿರುವುದಿಲ್ಲ, ಅಷ್ಟೇ. ಹಾಗಾಗಿ ಆಯ್ಕೆಯನ್ನು ಅಂಗಡಿಯಿಂದಲ್ಲ, ನಿಮ್ಮ ಮನೆಯ ಒಗೆಯುವ ಕಲ್ಲಿನಿಂದ, ಬಟ್ಟೆ ಒಣಹಾಕುವ ಹಗ್ಗದಿಂದ ಶುರು ಮಾಡಿ.

ಇದು ಲಂಗೋಟಿ ಅಲ್ಲ, ಹಾಗಂತ ಪೂರ್ತಿ ಬೇರೆಯೂ ಅಲ್ಲ

ಅಜ್ಜಿಯರು ಕಟ್ಟುತ್ತಿದ್ದ ಹಳೇ ಪಂಚೆಯ ಲಂಗೋಟಿ ಉಚ್ಚೆಯನ್ನು ಹೀರುತ್ತಿತ್ತು, ಆದರೆ ತಡೆಯುತ್ತಿರಲಿಲ್ಲ. ಹಾಸಿಗೆ, ಸೀರೆ ಎಲ್ಲಾ ಒದ್ದೆ. ಈಗಿನ ಬಟ್ಟೆ ಡೈಪರ್‌ಗೆ ಸಾಮಾನ್ಯವಾಗಿ ಮೂರು ಪದರ. ಹೊರಗಿನದು ಪಿಯುಎಲ್, ಅಂದರೆ ಪಾಲಿಯೆಸ್ಟರ್ ಬಟ್ಟೆಯ ಒಳಮೈಗೆ ಪಾಲಿಯುರೆಥೇನ್‌ನ ತೆಳು ಪೊರೆ ಅಂಟಿಸಿದ್ದು. ಇದು ನೀರನ್ನು ಹೊರಗೆ ಬಿಡುವುದಿಲ್ಲ. ನಡುವಿನದು ಹೀರುವ ಪದರ. ಮೈಗೆ ತಾಗುವುದು ಫ್ಲೀಸ್‌ನಂಥ ಮೆತ್ತನೆಯ ಸಿಂಥೆಟಿಕ್ ಬಟ್ಟೆ. ಉಚ್ಚೆ ಇದರ ಮೂಲಕ ಒಳಗಿಳಿಯುತ್ತದೆ, ಮೇಲ್ಮೈ ಮಾತ್ರ ಒಣಗಿದಂತೆಯೇ ಇರುತ್ತದೆ. ಕಟ್ಟುವುದಕ್ಕೆ ಗಂಟಿನ ಬದಲು ಟಿಚ್ ಬಟನ್ ಅಥವಾ ವೆಲ್ಕ್ರೋ.

ಮೊದಲ ಹೆಜ್ಜೆ: ಎಲ್ಲಿ ಒಣಗುತ್ತದೆ, ಯಾರು ಒಗೆಯುತ್ತಾರೆ

ಕಲಬುರಗಿ, ಬಳ್ಳಾರಿ ಕಡೆಯ ಬೇಸಿಗೆಯಲ್ಲಿ ಎಂಥ ದಪ್ಪ ಬಟ್ಟೆಯೂ ಬೇಗ ಒಣಗುತ್ತದೆ. ಅಲ್ಲಿಯವರಿಗೆ ಈ ಪ್ರಶ್ನೆಯೇ ದೊಡ್ಡದಲ್ಲ. ಆದರೆ ಮಗು ಮೇ ಕೊನೆಯಲ್ಲಿ ಹುಟ್ಟಿ, ಬಾಣಂತನ ಸಾಗರದಲ್ಲೋ ಉಡುಪಿಯಲ್ಲೋ ಆದರೆ ಕತೆಯೇ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದದ್ದು ಒಣಗುವುದೇ ಇಲ್ಲ. ಬೆಂಗಳೂರಿನ ಫ್ಲಾಟ್‌ಗಳಲ್ಲಿ ಮಳೆ ಇಲ್ಲದಿದ್ದರೂ ಬಿಸಿಲು ಬೀಳುವ ಬಾಲ್ಕನಿ ಎಲ್ಲರಿಗೂ ಇರುವುದಿಲ್ಲ. ನಿಯಮ ಸುಲಭ: ಬಿಡಿಸಿ ಹರಡಿದರೆ ಒಂದೇ ಪದರವಾಗುವ ಬಟ್ಟೆ ಬೇಗ ಒಣಗುತ್ತದೆ. ದಪ್ಪಗೆ ಹೊಲಿದು ಬಿಗಿದದ್ದು ತಡವಾಗಿ ಒಣಗುತ್ತದೆ. ಅರೆಬರೆ ಒಣಗಿದ ಡೈಪರ್ ವಾಸನೆ ಬರುತ್ತದೆ, ಮಗುವಿನ ಚರ್ಮಕ್ಕೂ ಒಳ್ಳೆಯದಲ್ಲ.

ಇನ್ನು ಒಗೆಯುವವರು. ಈ ಮಾತನ್ನು ಮಗು ಹುಟ್ಟುವ ಮುಂಚೆಯೇ ಮನೆಯಲ್ಲಿ ಕೂತು ಆಡಿಬಿಡಿ. ಹೆರಿಗೆಯಾದ ಮೈಯಲ್ಲಿ, ಅದರಲ್ಲೂ ಸಿಸೇರಿಯನ್ ಹೊಲಿಗೆ ಇರುವಾಗ, ಬಾಣಂತಿ ಬಕೆಟ್ ಎತ್ತಿ ಬಟ್ಟೆ ಹಿಂಡಬಾರದು. ವಯಸ್ಸಾದ ಅಮ್ಮನ ಮೇಲೋ ಅತ್ತೆಯ ಮೇಲೋ ಹೊರಿಸುವುದೂ ಸರಿಯಲ್ಲ. ಡೈಪರ್ ಒಗೆಯುವ ಕೆಲಸ ಮಗುವಿನ ಅಪ್ಪನದು ಅಂತ ಮೊದಲೇ ತೀರ್ಮಾನವಾದ ಮನೆಗಳಲ್ಲಿ ಬಟ್ಟೆ ಡೈಪರ್ ಗಟ್ಟಿಯಾಗಿ ನಿಲ್ಲುತ್ತದೆ. ಎಲ್ಲವನ್ನೂ ಒಗೆಯುವುದು ಯಾರಿಗೂ ಆಗುವುದಿಲ್ಲ ಅನ್ನಿಸಿದರೆ ಹಗಲು ಬಟ್ಟೆಯದು, ರಾತ್ರಿ ಮತ್ತು ಪ್ರಯಾಣಕ್ಕೆ ಬಳಸಿ ಬಿಸಾಡುವುದು ಅಂತ ಇಟ್ಟುಕೊಳ್ಳಿ. ಇದರಲ್ಲಿ ಸೋಲೇನೂ ಇಲ್ಲ.

ಎರಡನೇ ಹೆಜ್ಜೆ: ಬಗೆ ಆರಿಸಿ

ಎಲ್ಲಕ್ಕಿಂತ ಅಗ್ಗದ್ದು, ಬೇಗ ಒಣಗುವುದು ಮಡಿಸುವ ಚೌಕ ಬಟ್ಟೆ ಮತ್ತು ಅದರ ಮೇಲೊಂದು ಪಿಯುಎಲ್ ಕವರ್. ಮನೆಯಲ್ಲಿರುವ ಹಳೇ ಕಾಟನ್ ಸೀರೆ, ಪಂಚೆಯನ್ನೇ ಕತ್ತರಿಸಿ ಬಳಸಬಹುದು. ಒದ್ದೆಯಾದಾಗ ಬಟ್ಟೆ ಮಾತ್ರ ಬದಲಿಸಿ, ಕವರ್ ಒರೆಸಿ ಮತ್ತೆ ಹಾಕಬಹುದು. ಕಕ್ಕ ತಾಗಿದರೆ ಮಾತ್ರ ಕವರ್ ಒಗೆಯಬೇಕು. ಮಲೆನಾಡಿನ, ಕರಾವಳಿಯ ಮಳೆಗಾಲಕ್ಕೆ ನನ್ನ ಮೊದಲ ಶಿಫಾರಸು ಇದೇ. ಮಡಿಸುವುದು ಒಂದೆರಡು ದಿನದಲ್ಲಿ ಕೈಗೆ ಬರುತ್ತದೆ.

ಪಾಕೆಟ್ ಡೈಪರ್‌ನಲ್ಲಿ ಹೊರ ಪದರಕ್ಕೂ ಒಳ ಪದರಕ್ಕೂ ನಡುವೆ ಜೇಬಿರುತ್ತದೆ. ಹೀರುವ ಪ್ಯಾಡನ್ನು ಅದರೊಳಗೆ ತೂರಿಸುತ್ತೀರಿ. ಪ್ಯಾಡ್ ಬೇರೆ, ಹೊರಗಿನದು ಬೇರೆ ಒಣಗುತ್ತವೆ. ಮಗು ದೊಡ್ಡದಾದಂತೆ ಎರಡು ಪ್ಯಾಡ್ ಹಾಕಬಹುದು. ನೋಡಿಕೊಳ್ಳಲು ಬರುವವರಿಗೆ, ತಾತನಿಗೆ ಕೂಡ ಹಾಕುವುದು ಸುಲಭ. ಒಗೆದ ಮೇಲೆ ಪ್ರತಿ ಸಲ ಪ್ಯಾಡ್ ತುಂಬುವ ಕೆಲಸವೊಂದು ಇದ್ದೇ ಇರುತ್ತದೆ.

ಎಲ್ಲವನ್ನೂ ಒಟ್ಟಿಗೆ ಹೊಲಿದದ್ದು ಆಲ್ ಇನ್ ಒನ್. ಹಾಕುವುದು, ತೆಗೆಯುವುದು ಬಳಸಿ ಬಿಸಾಡುವ ಡೈಪರ್‌ನಷ್ಟೇ ಸರಳ. ಒಣಗುವುದು ಮಾತ್ರ ನಿಧಾನ, ಬೆಲೆಯೂ ಜಾಸ್ತಿ. ಬಿಸಿಲಿರುವ ಊರಿನವರಿಗೆ, ಡ್ರೈಯರ್ ಇರುವವರಿಗೆ ಸರಿ. ಈಗ ಬರುವ ಕೆಲವು ಬ್ರ್ಯಾಂಡ್‌ಗಳಲ್ಲಿ ಪ್ಯಾಡನ್ನು ಬಟನ್ ಹಾಕಿ ಕೂರಿಸುವ ಬಗೆಯೂ ಇದೆ, ಅದು ನಡುದಾರಿ. ಬೆಂಗಳೂರಿನ ಬಂಪಡಮ್, ಮುಂಬೈನ ಸೂಪರ್‌ಬಾಟಮ್ಸ್ ಥರದ ಕಂಪನಿಗಳು ನಮ್ಮ ದೇಶದಲ್ಲೇ ಇವನ್ನು ಮಾರುತ್ತಿವೆ. ಹೆಸರಿಗಿಂತ ಒಳಗಿನ ಬಟ್ಟೆ ಏನು ಅಂತ ಓದಿ ಕೊಳ್ಳಿ.

ಮೂರನೇ ಹೆಜ್ಜೆ: ಪ್ಯಾಡ್ ಯಾವ ಬಟ್ಟೆಯದು?

ಅಗ್ಗದ ಡೈಪರ್‌ಗಳ ಜೊತೆ ಸಾಮಾನ್ಯವಾಗಿ ಬರುವುದು ಮೈಕ್ರೋಫೈಬರ್, ಅಂದರೆ ತೀರಾ ಸಣ್ಣ ಸಿಂಥೆಟಿಕ್ ಎಳೆಗಳ ಪ್ಯಾಡ್. ಬೇಗ ಹೀರುತ್ತದೆ, ಬೇಗ ಒಣಗುತ್ತದೆ. ಆದರೆ ಒತ್ತಿದರೆ ಹೀರಿದ್ದನ್ನೆಲ್ಲಾ ಬಿಡುತ್ತದೆ. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡಾಗ, ಕಾರ್ ಸೀಟಿನಲ್ಲಿ ಕೂರಿಸಿದಾಗ ಸೋರುವುದು ಇದಕ್ಕೇ. ಇದನ್ನು ನೇರವಾಗಿ ಚರ್ಮಕ್ಕೆ ತಾಗಿಸಬಾರದು, ಚರ್ಮದ ಪಸೆಯನ್ನೂ ಎಳೆದುಕೊಳ್ಳುತ್ತದೆ. ಜೇಬಿನೊಳಗೆ ಇದ್ದರೆ ತೊಂದರೆಯಿಲ್ಲ.

ಹತ್ತಿ ನಂಬಿಕಸ್ಥ ಬಟ್ಟೆ. ಸೆಣಬಿನಂಥ ನಾರಿನ ಹೆಂಪ್ ತುಂಬಾ ಹಿಡಿದಿಟ್ಟುಕೊಳ್ಳುತ್ತದೆ, ಆದರೆ ನಿಧಾನವಾಗಿ ಹೀರುತ್ತದೆ, ನಿಧಾನವಾಗಿ ಒಣಗುತ್ತದೆ. ಅದನ್ನು ರಾತ್ರಿಗೆ ಇಟ್ಟುಕೊಳ್ಳಿ. ಬಿದಿರಿನ ಬಟ್ಟೆ ಅಂತ ಮಾರುವುದು ಬಹುತೇಕ ಬಿದಿರಿನ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ಮಾಡಿದ ವಿಸ್ಕೋಸ್ ಎಂಬ ನೂಲು. ಮೆತ್ತಗಿರುತ್ತದೆ, ಚೆನ್ನಾಗಿ ಹೀರುತ್ತದೆ. ಅದರಲ್ಲಿ ರೋಗಾಣು ಕೊಲ್ಲುವ ಶಕ್ತಿ ಇದೆ ಎಂಬ ಜಾಹೀರಾತಿಗೆ ಹೆಚ್ಚು ದುಡ್ಡು ಕೊಡಬೇಡಿ.

ಅಳತೆ ಮತ್ತು ಮೊದಲ ತಿಂಗಳು

ಹೆಚ್ಚಿನವು ‘ಫ್ರೀ ಸೈಜ್’, ಸುಮಾರು 5ರಿಂದ 17 ಕೆ.ಜಿ. ತೂಕಕ್ಕೆ ಅಂತ ಬರೆದಿರುತ್ತಾರೆ. ಮುಂದಿನ ಬಟನ್‌ಗಳಿಂದ ಉದ್ದ ಕಡಿಮೆ, ಜಾಸ್ತಿ ಮಾಡಬಹುದು. ನಮ್ಮಲ್ಲಿ ಎರಡೂವರೆಯಿಂದ ಮೂರು ಕೆ.ಜಿ. ತೂಗುವ ಕೂಸುಗಳೇ ಹೆಚ್ಚು. ಅಂಥ ಸಣ್ಣ ತೊಡೆಗೆ ಫ್ರೀ ಸೈಜ್ ಸಡಿಲವಾಗಿ ಎರಡೂ ಬದಿ ಸೋರುತ್ತದೆ. ನವಜಾತ ಶಿಶುವಿನ ಅಳತೆಯವು ಸಿಗುತ್ತವೆ, ಆದರೆ ಒಂದೆರಡು ತಿಂಗಳಲ್ಲಿ ಚಿಕ್ಕದಾಗುತ್ತವೆ. ಹಾಗಾಗಿ ಮೊದಲ ವಾರಗಳಿಗೆ ಲಂಗೋಟಿ, ಮಸ್ಲಿನ್ ಚೌಕವೇ ಸಾಕು. ಬೇಕಿದ್ದರೆ ಮೇಲೆ ಹಾಕಲು ಸಣ್ಣ ಕವರ್ ಎರಡು ಮೂರು ತನ್ನಿ. ಮೊದಲೆರಡು ಮೂರು ದಿನದ ಕಕ್ಕ ಕಪ್ಪಗೆ, ಅಂಟಂಟಾಗಿರುತ್ತದೆ, ಬಟ್ಟೆಯಿಂದ ಸುಲಭಕ್ಕೆ ಬಿಡುವುದಿಲ್ಲ. ಹೊಸ ಡೈಪರ್ ಅದಕ್ಕೆ ಬಳಸಬೇಡಿ. ಹೊಕ್ಕುಳಬಳ್ಳಿ ಉದುರುವವರೆಗೂ, ಸಾಮಾನ್ಯವಾಗಿ ಒಂದೆರಡು ವಾರ, ಡೈಪರ್‌ನ ಅಂಚು ಅದರ ಕೆಳಗೇ ಇರಲಿ.

ಕಾಲ ನಡುವೆ ದಪ್ಪ ಬಟ್ಟೆ ಇದ್ದರೆ ಕಾಲು ಸೊಟ್ಟಗಾಗುತ್ತದೆ ಅಂತ ಹಿರಿಯರು ಹೇಳುತ್ತಾರೆ, ಅಲ್ವಾ? ಪುಟ್ಟ ಮಕ್ಕಳ ಕಾಲು ಹುಟ್ಟಿನಿಂದಲೇ ಬಾಗಿರುತ್ತದೆ. ಎರಡು ವರ್ಷದ ಹೊತ್ತಿಗೆ ತಾನಾಗಿ ನೇರವಾಗುತ್ತಾ ಬರುತ್ತದೆ. ಮೊಣಕಾಲು ಮಡಚಿ, ತೊಡೆ ಅಗಲಿಸಿ ಮಲಗುವುದು ಸೊಂಟದ ಕೀಲಿಗೆ ಒಳ್ಳೆಯದೇ. ಕಾಲು ಎರಡನ್ನೂ ನೇರ ಮಾಡಿ ಬಿಗಿಯಾಗಿ ಸುತ್ತುವುದರಿಂದಲೇ ತೊಂದರೆ.

ಎಷ್ಟು ಬೇಕು, ಎಷ್ಟು ಖರ್ಚು

ಎಳೆ ಕೂಸಿಗೆ ದಿನಕ್ಕೆ ಹತ್ತು ಹನ್ನೆರಡು ಸಲ ಬದಲಿಸಬೇಕಾಗುತ್ತದೆ. ನಾಲ್ಕೈದು ತಿಂಗಳ ಮೇಲೆ ಅದು ಆರೆಂಟಕ್ಕೆ ಇಳಿಯುತ್ತದೆ. ದಿನ ಬಿಟ್ಟು ದಿನ ಒಗೆಯುವುದಾದರೆ, ಹಗಲು ರಾತ್ರಿ ಎರಡಕ್ಕೂ 18ರಿಂದ 24 ಬೇಕು. ಹಗಲಿಗೆ ಮಾತ್ರವಾದರೆ ಹತ್ತು ಸಾಕು. ಆದರೆ ಒಂದೇ ಸಲ ಕೊಳ್ಳಬೇಡಿ. ಮೊದಲು ಬೇರೆ ಬೇರೆ ಬಗೆಯ ಮೂರು ನಾಲ್ಕು ತನ್ನಿ, ಎರಡು ವಾರ ಬಳಸಿ. ನಿಮ್ಮ ಮಗುವಿನ ತೊಡೆಗೆ ಯಾವುದು ಕೂರುತ್ತದೆ ಅಂತ ಅದನ್ನು ಹಾಕಿದ ಮೇಲೆಯೇ ತಿಳಿಯುವುದು.

ಖರ್ಚನ್ನು ನೀವೇ ಲೆಕ್ಕ ಹಾಕಿ. ಬಿಸಾಡುವ ಡೈಪರ್ ಒಂದಕ್ಕೆ 10 ರೂಪಾಯಿ, ದಿನಕ್ಕೆ ಸರಾಸರಿ ಐದು ಅಂತ ಹಿಡಿದರೆ ಎರಡು ವರ್ಷಕ್ಕೆ 36,500 ರೂಪಾಯಿ. ಬಟ್ಟೆಯದು ಒಂದಕ್ಕೆ 500 ರೂಪಾಯಿಯಂತೆ ಇಪ್ಪತ್ತು ಕೊಂಡರೆ 10,000 ರೂಪಾಯಿ, ಮೇಲೆ ಸೋಪಿನ ಪುಡಿ, ನೀರು, ಕರೆಂಟು. ಎರಡನೇ ಮಗುವಿಗೂ ಬಳಸಿದರೆ ಉಳಿತಾಯ ಇನ್ನೂ ಜಾಸ್ತಿ.

ಪರಿಸರಕ್ಕೆ ಒಳ್ಳೆಯದು ಎಂಬ ಮಾತೂ ಒಗೆಯುವ ರೀತಿಯ ಮೇಲೇ ನಿಂತಿದೆ. ಬ್ರಿಟನ್ನಿನ ಎನ್ವಿರಾನ್‌ಮೆಂಟ್ ಏಜೆನ್ಸಿ 2008ರಲ್ಲಿ ಮಾಡಿಸಿದ ಅಧ್ಯಯನದಲ್ಲಿ, ಒಂದು ಮಗುವಿನ ಎರಡೂವರೆ ವರ್ಷಕ್ಕೆ ಬಿಸಾಡುವ ಡೈಪರ್‌ನ ಕಾರ್ಬನ್ ಹೊರೆ ಸುಮಾರು 550 ಕೆ.ಜಿ., ಬಟ್ಟೆಯದು 570 ಕೆ.ಜಿ. ಅಂತ ಬಂತು. ಅಂದರೆ ಹೆಚ್ಚುಕಡಿಮೆ ಸಮ. ಆದರೆ ಹಗ್ಗದ ಮೇಲೆ ಒಣಗಿಸಿ, ಮೆಷಿನ್ ತುಂಬ ಹಾಕಿ ಒಗೆದು, ಎರಡನೇ ಮಗುವಿಗೂ ಬಳಸಿದರೆ ಬಟ್ಟೆಯ ಹೊರೆ ಶೇ 40ರಷ್ಟು ಇಳಿಯುತ್ತದೆ. ಹಗ್ಗದ ಮೇಲೆ ಒಣಗಿಸುವುದು ನಮಗೆ ಹೊಸದೇನಲ್ಲ. ಕಸದ ವಿಷಯ ಬೇರೆ. ಘನತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಡೈಪರನ್ನು ಸುತ್ತಿ, ಬೇರೆಯಾಗಿ ಕೊಡಬೇಕು. ಸುಮ್ನೆ ಕಸದ ಜೊತೆ ಎಸೆದರೆ ಅದನ್ನು ಬರಿಗೈಯಲ್ಲಿ ಆರಿಸುವವರು ಪೌರಕಾರ್ಮಿಕರು.

ಹಾಕುವ ಮುಂಚೆ, ಹಾಕುವಾಗ

ಹೊಸ ಹತ್ತಿ, ಬಿದಿರು, ಹೆಂಪ್ ಪ್ಯಾಡುಗಳು ತಂದ ದಿನವೇ ಹೀರುವುದಿಲ್ಲ. ಹತ್ತಿಯಲ್ಲಿ ತನ್ನದೇ ಮೇಣದಂಥ ಪಸೆ ಇರುತ್ತದೆ. ನಾಲ್ಕೈದು ಸಲ ಒಗೆದು ಒಣಗಿಸಿದ ಮೇಲೆ ಬಳಸಿ. ಹೊಸದು ಸೋರುತ್ತದೆ ಎಂಬ ದೂರಿಗೆ ಬಹಳ ಸಲ ಇದೇ ಕಾರಣ.

ಹಾಕುವಾಗ ಎಲಾಸ್ಟಿಕ್ ತೊಡೆಯ ಮೇಲಲ್ಲ, ತೊಡೆ ಸಂದಿಯಲ್ಲಿ ಚಡ್ಡಿಯ ಅಂಚಿನಂತೆ ಕೂರಬೇಕು. ಸೊಂಟದಲ್ಲಿ ಎರಡು ಬೆರಳು ತೂರುವಷ್ಟು ಜಾಗವಿರಲಿ. ತೆಗೆದಾಗ ತಿಳಿ ಕೆಂಪು ಗೆರೆ ಇದ್ದರೆ ಪರವಾಗಿಲ್ಲ, ಆಳವಾದ ಅಚ್ಚು ಬಿದ್ದಿದ್ದರೆ ಒಂದು ಬಟನ್ ಸಡಿಲಿಸಿ. ಗಂಡುಮಗುವಾದರೆ ಹೀರುವ ಪದರ ಮುಂದಕ್ಕೆ ಹೆಚ್ಚು ಬರುವಂತೆ ಮಡಿಸಿ. ಎರಡು ಮೂರು ಗಂಟೆಗೊಮ್ಮೆ ಬದಲಿಸಿ, ಕಕ್ಕ ಮಾಡಿದರೆ ಆಗಲೇ.

ಎಣ್ಣೆ ನೀರಿನ ಸ್ನಾನ ನಮ್ಮ ಕೂಸುಗಳಿಗೆ ಇದ್ದದ್ದೇ. ತೊಡೆ ಸಂದಿಯಲ್ಲಿ ಎಣ್ಣೆ ಉಳಿದರೆ ಅದು ಪದರಕ್ಕೆ ಅಂಟಿ, ಆಮೇಲೆ ಬಟ್ಟೆ ನೀರನ್ನೇ ಒಳಗೆ ಬಿಡುವುದಿಲ್ಲ. ಚೆನ್ನಾಗಿ ತೊಳೆದು, ಒರೆಸಿ ಹಾಕಿ. ಮುಲಾಮು ಹಚ್ಚಿದ್ದರೆ ಮಧ್ಯೆ ಒಂದು ತೆಳು ಬಟ್ಟೆ ಇಡಿ.

ಒಗೆಯುವುದು

ಕಕ್ಕವನ್ನು ಕಕ್ಕಸಿಗೆ ಹಾಕಿ, ತಣ್ಣೀರಿನಲ್ಲಿ ರಭಸವಾಗಿ ತೊಳೆಯಿರಿ. ಬಕೆಟ್ ನೀರಿನಲ್ಲಿ ದಿನಗಟ್ಟಲೆ ನೆನೆಹಾಕಬೇಡಿ. ಪಿಯುಎಲ್ ಪೊರೆ, ಎಲಾಸ್ಟಿಕ್ ಎರಡೂ ಹಾಳಾಗುತ್ತವೆ, ವಾಸನೆಯೂ ಕೂರುತ್ತದೆ. ಗಾಳಿಯಾಡುವ ಬುಟ್ಟಿಯಲ್ಲಿ ಹಾಗೇ ಇಟ್ಟು ಎರಡು ದಿನದೊಳಗೆ ಒಗೆಯಿರಿ. ಮೆಷಿನ್‌ನಲ್ಲಿ ಮೊದಲು ಬರೀ ತಣ್ಣೀರಿನಲ್ಲಿ ಒಂದು ಸುತ್ತು, ಆಮೇಲೆ ಪುಡಿ ಹಾಕಿ ಉದ್ದನೆಯ ಸುತ್ತು. 40 ಡಿಗ್ರಿ ಬಿಸಿ ಸಾಕು. ಹಂಡೆಯಲ್ಲಿ ಕುದಿಸಬೇಡಿ, ಇಸ್ತ್ರಿ ಬೇಡ. ಕಂಫರ್ಟ್‌ನಂಥ ಮೆತ್ತನೆ ಮಾಡುವ ದ್ರವ ಬೇಡವೇ ಬೇಡ, ಅದು ನೂಲಿಗೆ ಲೇಪ ಹಚ್ಚಿ ಹೀರುವುದನ್ನು ನಿಲ್ಲಿಸುತ್ತದೆ.

ಪುಡಿ ಕಡಿಮೆ ಹಾಕಿದರೆ ಮಗುವಿಗೆ ಒಳ್ಳೆಯದು ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಹಾಗೆ ಮಾಡಿದರೆ ಉಚ್ಚೆ ಪೂರ್ತಿ ಹೋಗದೆ ಮುಂಜಾನೆ ಡೈಪರ್ ತೆಗೆದಾಗ ಮೂಗಿಗೆ ಘಾಟು ಹೊಡೆಯುತ್ತದೆ. ಬಟ್ಟೆಯ ಪ್ರಮಾಣಕ್ಕೆ ತಕ್ಕಷ್ಟು ಪುಡಿ ಹಾಕಿ, ಬದಲಿಗೆ ಕೊನೆಯಲ್ಲಿ ಒಂದು ಸಲ ಜಾಸ್ತಿ ಜಾಲಿಸಿ. ಅಂಟುವಾಳಕಾಯಿ ರೇಷ್ಮೆ ಸೀರೆಗೆ ಚೆನ್ನ, ಉಚ್ಚೆ ಬಟ್ಟೆಗೆ ಅದರ ಬಲ ಸಾಲದು.

ಕೋಲಾರ, ಚಿಕ್ಕಬಳ್ಳಾಪುರದ ಕಡೆ, ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ಬೋರ್‌ವೆಲ್ ನೀರೇ ಗತಿ. ನಲ್ಲಿಯ ಬಾಯಿಗೆ ಬಿಳಿ ಹೊಪ್ಪಳೆ ಕಟ್ಟುತ್ತಿದ್ದರೆ ನಿಮ್ಮದು ಗಡಸು ನೀರು. ಬಾರ್ ಸೋಪು ಆ ನೀರಿನಲ್ಲಿ ಗಸಿಯಾಗಿ ಬಟ್ಟೆಯಲ್ಲೇ ಉಳಿಯುತ್ತದೆ, ಪ್ಯಾಡ್ ರೊಟ್ಟಿಯಂತೆ ಬಿರುಸಾಗುತ್ತದೆ. ಪುಡಿಯನ್ನೇ ಬಳಸಿ, ಪ್ಯಾಕೆಟ್ಟಿನ ಮೇಲೆ ಗಡಸು ನೀರಿಗೆ ಹೇಳಿರುವ ಅಳತೆ ಹಾಕಿ. ಮಳೆ ನೀರು ಹಿಡಿದಿಟ್ಟಿದ್ದರೆ ಕೊನೆಯ ಜಾಲಿಸುವಿಕೆಗೆ ಅದೇ ಅತ್ಯುತ್ತಮ.

ಪ್ಯಾಡುಗಳನ್ನು ಬಿಸಿಲಿಗೇ ಹಾಕಿ, ಹಳದಿ ಕಲೆ ತಾನಾಗಿ ಬಿಳಿಚುತ್ತದೆ. ಪಿಯುಎಲ್ ಕವರ್ ಮಾತ್ರ ನೆರಳಲ್ಲಿರಲಿ.

ಚರ್ಮ ಕೆಂಪಾದರೆ ಒಂದು ದಿನ ಆದಷ್ಟು ಹೊತ್ತು ಏನೂ ಹಾಕದೆ ಗಾಳಿಗೆ ಬಿಡಿ. ಮಡಿಕೆಗಳ ಒಳಗೂ ಕೆಂಪು, ಸುತ್ತ ಚುಕ್ಕೆ ಚುಕ್ಕೆ ಎದ್ದಿದ್ದರೆ ಅದು ಫಂಗಸ್ ಇರಬಹುದು. ಮನೆಮದ್ದು ಮಾಡುತ್ತಾ ಕೂರದೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಅಕ್ಕನ ಮಗುವಿನದೋ ಗೆಳತಿಯ ಮಗುವಿನದೋ ಬಳಸಿದ ಡೈಪರ್ ಸಿಕ್ಕರೆ ಖುಷಿಯಿಂದ ತೆಗೆದುಕೊಳ್ಳಿ. ಒಳಮೈಯ ಪೊರೆ ಸುಲಿದಿದೆಯೇ ಅಂತ ಬೆಳಕಿಗೆ ಹಿಡಿದು ನೋಡಿ, ಸುಲಿದಿದ್ದರೆ ಬೇಡ. ಎಲಾಸ್ಟಿಕ್ ಸಡಿಲವಾಗಿದ್ದರೆ ಬಡಾವಣೆಯ ಟೈಲರ್ ಹೊಸದು ಹಾಕಿಕೊಡುತ್ತಾರೆ.